ಉಸಿರು, ಗಾಬರಿ, ನೆಮ್ಮದಿ: ಕೋಲಾರ ಜಿಲ್ಲೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಬಂಗಾರಪೇಟೆ, ಮಾಲೂರು, ಕೆಜಿಎಫ್ ಕಡೆಯಿಂದ ಉಸಿರಾಟದ ಅಭ್ಯಾಸ ಕಲಿಯಲು ಬರುವವರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಹೇಳಿಕೊಡುವವಳಾಗಿ ನನ್ನದು ಒಂದೇ ಹಟ: ಮೆಲ್ಲಗೆ ಮಾಡಿ, ಸ್ವಲ್ಪವೇ ಮಾಡಿ. ತಲೆ ಸುತ್ತಿತು, ಎದೆ ಹಿಡಿಯಿತು ಎಂದು ದೂರು ತರುವವರಲ್ಲಿ ಹೆಚ್ಚಿನವರು ಜೋರು ಮಾಡಿದವರೇ.

ಉಸಿರಾಟ ಬದಲಿಸಿದರೆ ಮನಸ್ಸು ಹೇಗೆ ತಣ್ಣಗಾಗುತ್ತದೆ? ಇದು ಬರೀ ನಂಬಿಕೆಯಲ್ಲವೇ?

ನಂಬುವ ಅಗತ್ಯವೇ ಇಲ್ಲ, ಮಣಿಕಟ್ಟು ಹಿಡಿದು ನೋಡಿ. ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳಿಟ್ಟು, ನಾಡಿ ಸಿಕ್ಕಿದ ಮೇಲೆ ನಿಧಾನವಾಗಿ ಉಸಿರೆಳೆದುಕೊಳ್ಳಿ, ಅದಕ್ಕಿಂತ ನಿಧಾನವಾಗಿ ಬಿಡಿ. ಎಳೆದುಕೊಳ್ಳುವಾಗ ನಾಡಿ ತುಸು ಚುರುಕಾಗುತ್ತದೆ, ಬಿಡುವಾಗ ತುಸು ಹಿಂದೆ ಬೀಳುತ್ತದೆ. ಹದಿಹರೆಯದವರ ಕೈಯಲ್ಲಿ ಇದು ಸ್ಪಷ್ಟವಾಗಿ ಸಿಗುತ್ತದೆ. ವಯಸ್ಸಾದಂತೆ ಈ ವ್ಯತ್ಯಾಸ ಕಡಿಮೆಯಾಗುತ್ತದೆ, ಆದ್ದರಿಂದ ಬೆರಳಿಗೆ ಗೊತ್ತಾಗದಿದ್ದರೆ ಚಿಂತಿಸಬೇಡಿ.

ಮಿದುಳಿನ ಬುಡದಿಂದ ಹೊರಟು ಕುತ್ತಿಗೆ, ಎದೆ, ಹೊಟ್ಟೆಯವರೆಗೆ ಇಳಿಯುವ ವೇಗಸ್ ಎಂಬ ನರವೊಂದಿದೆ. ಹೃದಯದ ಓಟಕ್ಕೆ ಕಡಿವಾಣ ಹಾಕುವುದು ಅದರ ಕೆಲಸಗಳಲ್ಲೊಂದು. ಉಸಿರು ಒಳಗೆ ಬರುವಾಗ ಆ ಹಿಡಿತ ಸಡಿಲವಾಗುತ್ತದೆ, ಹೊರಗೆ ಹೋಗುವಾಗ ಮತ್ತೆ ಬಿಗಿಯಾಗುತ್ತದೆ. ಹಾಗಾಗಿ ಉಸಿರು ಬಿಡುವ ಹೊತ್ತನ್ನು ಉದ್ದ ಮಾಡಿದರೆ ಹೃದಯ ನಿಧಾನವಾಗಿರುವ ಹೊತ್ತೂ ಉದ್ದವಾಗುತ್ತದೆ. ಸುಮ್ಮನೆ ಕುಳಿತ ವಯಸ್ಕರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಅದನ್ನು 6ರ ಆಸುಪಾಸಿಗೆ ಇಳಿಸಿದಾಗ ಹೃದಯದ ಈ ಏರಿಳಿತ ಅತಿ ಹೆಚ್ಚಾಗುತ್ತದೆ, ರಕ್ತದೊತ್ತಡವನ್ನು ಹದದಲ್ಲಿಡುವ ವ್ಯವಸ್ಥೆಯೂ ಅದೇ ಲಯಕ್ಕೆ ಕೂಡಿಕೊಳ್ಳುತ್ತದೆ.

‘ಸುಮ್ಮನಿರು’ ಎಂದು ಹೇಳಿದರೆ ಹೃದಯ ಕೇಳುವುದಿಲ್ಲ, ಹೊಟ್ಟೆಯ ತಳಮಳವೂ ಕೇಳುವುದಿಲ್ಲ. ತಾನಾಗಿಯೂ ನಡೆಯುವ, ನಾವು ಹೇಳಿದರೂ ಕೇಳುವ ಕೆಲಸ ಒಳಗೆ ಉಸಿರೊಂದೇ. ಆ ಬಾಗಿಲಿನಿಂದಲೇ ಒಳಹೋಗಬೇಕು.

ಒಂದೇ ಒಂದು ವಿಧಾನ ಹೇಳಿ ಎಂದರೆ ಯಾವುದು?

ನಾಲ್ಕು ಎಣಿಸುತ್ತ ಎಳೆದುಕೊಳ್ಳಿ, ಆರು ಎಣಿಸುತ್ತ ಬಿಡಿ. ನಡುವೆ ಉಸಿರು ಹಿಡಿಯುವುದು ಬೇಡ. ಸೆಕೆಂಡಿಗೆ ಒಂದರಂತೆ ಎಣಿಸಿದರೆ ನಿಮಿಷಕ್ಕೆ ಆರು ಉಸಿರು ತಾನಾಗಿಯೇ ಬರುತ್ತದೆ.

ಹೇಳುವಷ್ಟು ಸುಲಭವಾಗಿ ಇದು ಮೊದಲ ದಿನ ಆಗುವುದಿಲ್ಲ. ‘ಉಸಿರೆಳೆದುಕೊಳ್ಳಿ’ ಎಂದ ಕೂಡಲೇ ಹತ್ತರಲ್ಲಿ ಎಂಟು ಜನ ಎದೆ ಉಬ್ಬಿಸಿ, ಭುಜ ಕಿವಿಯ ಹತ್ತಿರಕ್ಕೆ ಎತ್ತಿ, ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳುತ್ತಾರೆ. ಶಾಲೆಯ ಡ್ರಿಲ್‌ನಲ್ಲಿ ಕಲಿತದ್ದು ಅದು. ಆಗಬೇಕಾದ್ದು ತಲೆಕೆಳಗು. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಕೆಳಗಿಳಿದರೆ ಹೊಟ್ಟೆ ಮುಂದಕ್ಕೆ ಬರುತ್ತದೆ, ಶ್ವಾಸಕೋಶದ ತಳದವರೆಗೆ ಗಾಳಿ ಹೋಗುತ್ತದೆ. ಕಲಿಯಲು ಚಾಪೆಯ ಮೇಲೆ ಅಂಗಾತ ಮಲಗಿ, ಮಂಡಿ ಮಡಚಿ, ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಕ್ಕುಳಿನ ಮೇಲೆ ಇಡಿ. ಕೆಳಗಿನ ಕೈ ಏಳಬೇಕು, ಮೇಲಿನ ಕೈ ಸುಮ್ಮನಿರಬೇಕು. ಸೀರೆ, ಪಂಚೆ, ಬೆಲ್ಟು ಬಿಗಿಯಾಗಿದ್ದರೆ ಸಡಿಲಿಸಿಕೊಳ್ಳಿ. ಇಷ್ಟೆಲ್ಲ ಹೇಳಿದ ಮೇಲೂ ಎಷ್ಟೋ ಜನರ ಹೊಟ್ಟೆ ಕದಲದಿರುವುದಕ್ಕೆ ಕಾರಣ ಅದೇ.

ಎರಡನೆಯದಾಗಿ, ಗಾಳಿ ತುಂಬಿಸಿಕೊಳ್ಳಬೇಡಿ. ಮೂಗಿನಿಂದ, ಸದ್ದಿಲ್ಲದೆ, ಮಾಮೂಲಿಗಿಂತ ಕೊಂಚವೇ ಹೆಚ್ಚು. ಬಿಡುವಾಗ ಬಿಸಿ ಕಾಫಿಯ ಮೇಲೆ ತುಳುಕದಂತೆ ಊದುವ ಹಾಗೆ ತುಟಿ ಸಣ್ಣದು ಮಾಡಿ ಬಿಡಬಹುದು, ಮೂಗಿನಿಂದಲೂ ಬಿಡಬಹುದು. ಆರರವರೆಗೆ ಬರುವಷ್ಟು ಗಾಳಿ ಇಲ್ಲ ಎನಿಸಿದರೆ ಮೂರಕ್ಕೆ ಎಳೆದುಕೊಂಡು ನಾಲ್ಕಕ್ಕೆ ಬಿಡಿ. ಲೆಕ್ಕ ಮುಖ್ಯವಲ್ಲ, ಬಿಡುವುದು ಎಳೆದುಕೊಳ್ಳುವುದಕ್ಕಿಂತ ಉದ್ದವಾಗಿರಬೇಕು, ಅಷ್ಟೇ. ಐದು ನಿಮಿಷ ಸಾಕು. ಹತ್ತು ನಿಮಿಷ ಮಾಡುತ್ತೇನೆ ಎನ್ನುವ ಉತ್ಸಾಹಿಗಳು ಸಾಮಾನ್ಯವಾಗಿ ಎರಡನೇ ವಾರ ನಾಪತ್ತೆಯಾಗುತ್ತಾರೆ.

ಇದಕ್ಕೂ ಪ್ರಾಣಾಯಾಮಕ್ಕೂ ವ್ಯತ್ಯಾಸವೇನು?

ಪ್ರಾಣಾಯಾಮ ದೊಡ್ಡ ಮನೆ, ಇದು ಅದರ ಒಂದು ಕೋಣೆ. ಯೋಗದಲ್ಲಿ ಆಸನಗಳ ನಂತರ ಬರುವ ಅಂಗ ಅದು. ಎಳೆದುಕೊಳ್ಳುವ ಪೂರಕ, ಬಿಡುವ ರೇಚಕ, ಹಿಡಿಯುವ ಕುಂಭಕ ಎಲ್ಲಕ್ಕೂ ಅಲ್ಲಿ ಕ್ರಮವಿದೆ, ಗುರುವೂ ಬೇಕು. ಗಾಬರಿ, ಸಿಟ್ಟು, ದುಗುಡ ತಗ್ಗಿಸಲು ಅಷ್ಟು ದೂರ ಹೋಗಬೇಕಿಲ್ಲ. ಈಗಾಗಲೇ ನಾಡಿಶೋಧನ ಅಥವಾ ಭ್ರಾಮರಿ ಮಾಡುತ್ತಿದ್ದರೆ ಅದನ್ನು ಬಿಟ್ಟು ಇದಕ್ಕೆ ಬರುವ ಅಗತ್ಯವೂ ಇಲ್ಲ. ಭ್ರಾಮರಿಯಂತೂ ನನಗೆ ಅಚ್ಚುಮೆಚ್ಚು: ಬಾಯಿ ಮುಚ್ಚಿ ‘ಮ್’ ಎಂದು ಗುಂಯ್‌ಗುಡುವಾಗ ಉಸಿರು ಬಿಡುವುದು ತಾನಾಗಿಯೇ ಉದ್ದವಾಗುತ್ತದೆ, ಎಣಿಸುವ ತಾಪತ್ರಯವಿಲ್ಲ. ಎಣಿಕೆ ಬಾರದ ಚಿಕ್ಕ ಮಕ್ಕಳಿಗೂ, ಎಣಿಕೆ ಬೇಸರವಾಗುವ ಅಜ್ಜಿಯರಿಗೂ ಇದು ಒಗ್ಗುತ್ತದೆ.

ಕಪಾಲಭಾತಿ, ಭಸ್ತ್ರಿಕ ಮಾಡಿದರೆ ಬೇಗ ಫಲ ಸಿಗುವುದಿಲ್ಲವೇ?

ಅವು ರಭಸವಾಗಿ ಉಸಿರಾಡಿ ಮೈ ಎಚ್ಚರಿಸುವ ಅಭ್ಯಾಸಗಳು, ಮಲಗಿಸುವವಲ್ಲ. ಈಗಾಗಲೇ ಎದೆ ಹೊಡೆದುಕೊಳ್ಳುತ್ತಿರುವವರು ಅವುಗಳನ್ನು ಮಾಡುವುದು ನನಗೆ ಒಪ್ಪಿಗೆಯಿಲ್ಲ. ರಕ್ತದೊತ್ತಡ, ಹೃದ್ರೋಗ, ಮೂರ್ಛೆರೋಗ, ಹರ್ನಿಯಾ, ಕಣ್ಣಿನ ಗ್ಲಾಕೋಮಾ ಇರುವವರು, ಗರ್ಭಿಣಿಯರು, ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು ದೂರವಿರಬೇಕು. ಮೊಬೈಲ್‌ನಲ್ಲಿ ಯಾರೋ ನಿಮಿಷಕ್ಕೆ ನೂರು ಹೊಡೆತ ಹಾಕುತ್ತಿದ್ದಾರೆ ಎಂದು ನೀವೂ ಹಾಕಬೇಡಿ.

ದೀರ್ಘವಾಗಿ ಉಸಿರಾಡಿದಾಗ ಬೆರಳು ಜೋಮು ಹಿಡಿಯುತ್ತದೆ, ತಲೆ ಸುತ್ತುತ್ತದೆ. ಆಮ್ಲಜನಕ ಸಾಲುತ್ತಿಲ್ಲವೇ?

ಆಮ್ಲಜನಕ ಬೇಕಾದಷ್ಟಿದೆ. ಆರೋಗ್ಯವಂತರ ರಕ್ತದಲ್ಲಿ ಅದು ಮೊದಲೇ ಹೆಚ್ಚುಕಡಿಮೆ ಪೂರ್ತಿ ತುಂಬಿರುತ್ತದೆ, ಜೋರಾಗಿ ಉಸಿರಾಡಿ ಇನ್ನಷ್ಟು ತುಂಬಲಾಗುವುದಿಲ್ಲ. ಕಡಿಮೆಯಾಗುವುದು ಇಂಗಾಲದ ಡೈಆಕ್ಸೈಡ್. ಅದನ್ನು ನಾವು ಬರೀ ಕೊಳೆಗಾಳಿ ಎಂದುಕೊಂಡಿದ್ದೇವೆ. ಆದರೆ ಮಿದುಳಿನ ರಕ್ತನಾಳಗಳು ಎಷ್ಟು ಅಗಲವಾಗಿರಬೇಕು ಎಂಬುದನ್ನು ನಿರ್ಧರಿಸುವುದರಲ್ಲಿ ಅದರ ಪಾತ್ರ ದೊಡ್ಡದು. ವೇಗವಾಗಿ ಅಥವಾ ತೀರಾ ಆಳವಾಗಿ ಉಸಿರಾಡಿದರೆ ಅದು ವಿಪರೀತ ಹೊರಹೋಗಿ, ಮಿದುಳಿನ ನಾಳಗಳು ಕಿರಿದಾಗಿ ತಲೆ ಹಗುರಾದಂತಾಗುತ್ತದೆ. ರಕ್ತದ ಕ್ಷಾರಗುಣ ಏರಿ, ನರಗಳಿಗೆ ಸಿಗುವ ಕ್ಯಾಲ್ಸಿಯಂ ತಗ್ಗಿ, ಬೆರಳತುದಿ, ತುಟಿಯ ಸುತ್ತ ಜುಮುಜುಮು ಎನ್ನುತ್ತದೆ.

ಗಾಬರಿಯಾದಾಗಲೂ ಆಗುವುದು ಇದೇ. ಗಾಬರಿಗೆ ಉಸಿರು ವೇಗ, ವೇಗಕ್ಕೆ ಜೋಮು, ಜೋಮಿಗೆ ಇನ್ನಷ್ಟು ಗಾಬರಿ. ಅಂಥ ಹೊತ್ತಿನಲ್ಲಿ ಪಕ್ಕದವರು ‘ಜೋರಾಗಿ ಉಸಿರೆಳ್ಕೋ’ ಎಂದು ಬೆನ್ನು ತಟ್ಟುತ್ತಾರೆ. ಒಳ್ಳೆಯ ಮನಸ್ಸಿನ ಕೆಟ್ಟ ಸಲಹೆ. ‘ಮೆಲ್ಲಗೆ ಬಿಡು’ ಎನ್ನಬೇಕು. ಕಾಗದದ ಚೀಲದೊಳಗೆ ಉಸಿರಾಡುವ ಹಳೆಯ ಉಪಾಯವನ್ನು ಈಗ ಹೇಳುವುದಿಲ್ಲ. ಆಸ್ತಮಾ ಅಥವಾ ಹೃದಯದ ತೊಂದರೆ ಇದ್ದವರಿಗೆ ಅದು ಅಪಾಯ.

ಎದೆ ಹಿಡಿದಂತಾದಾಗ ಅದು ಗಾಬರಿಯೋ ಹೃದಯಾಘಾತವೋ ತಿಳಿಯುವುದು ಹೇಗೆ?

ಮನೆಯಲ್ಲಿ ಕುಳಿತು ಖಚಿತವಾಗಿ ತಿಳಿಯಲಾಗುವುದಿಲ್ಲ, ತಿಳಿಯಲು ಹೋಗಲೂ ಬೇಡಿ. ಎದೆಯ ಮೇಲೆ ಭಾರ ಹೇರಿದಂತೆ ನೋವು, ಅದು ಎಡಗೈ, ಬೆನ್ನು, ದವಡೆಗೆ ಹರಡುವುದು, ತಣ್ಣನೆಯ ಬೆವರು, ವಾಂತಿ ಬಂದಂತಾಗುವುದು, ಕಣ್ಣು ಕತ್ತಲಿಡುವುದು: ಇವುಗಳಲ್ಲಿ ಯಾವುದಿದ್ದರೂ 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆ ಇರುವವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ನೋವೇ ಇಲ್ಲದೆ ಬರೀ ಸುಸ್ತು, ಏದುಸಿರಿನ ರೂಪದಲ್ಲೂ ಬರಬಹುದು. ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗುವ ನಮ್ಮ ಕಡೆಯ ಅಭ್ಯಾಸ ಎಷ್ಟು ಮನೆಗಳನ್ನು ಹಾಳು ಮಾಡಿದೆಯೋ. ಮೊದಲು ಇಸಿಜಿ ಆಗಲಿ. ವೈದ್ಯರು ಹೃದಯ ಚೆನ್ನಾಗಿದೆ ಎಂದ ಮೇಲೆ ಉಸಿರಾಟದ ಅಭ್ಯಾಸದ ಮಾತು.

ಅಂತರಗಂಗೆಯ ಮೆಟ್ಟಿಲು ಹತ್ತಿದಾಗ ಎಲ್ಲರಿಗೂ ಏದುಸಿರು ಬರುತ್ತದೆ, ಕಲ್ಯಾಣಿಯ ಹತ್ತಿರ ಕುಳಿತರೆ ಇಳಿಯುತ್ತದೆ. ಅದು ಸಹಜ. ಆದರೆ ಮೊನ್ನೆಮೊನ್ನೆಯವರೆಗೆ ಸಲೀಸಾಗಿ ಹತ್ತುತ್ತಿದ್ದವರಿಗೆ ಈಗ ಅರ್ಧಕ್ಕೇ ನಿಲ್ಲಬೇಕೆನಿಸಿದರೆ ಅದನ್ನೂ ವೈದ್ಯರಿಗೆ ತೋರಿಸಿ.

ಟೊಮೆಟೊ ದರ ಬಿದ್ದು ಕೈ ಸುಟ್ಟುಕೊಂಡಿದ್ದೇನೆ. ಉಸಿರಾಡಿದರೆ ಸಾಲ ತೀರುತ್ತದೆಯೇ?

ತೀರುವುದಿಲ್ಲ. ಈ ಪ್ರಶ್ನೆಯನ್ನು ವ್ಯಂಗ್ಯವಾಗಿಯೇ ಕೇಳುತ್ತಾರೆ. ಕೇಳುವ ಹಕ್ಕು ಅವರಿಗಿದೆ.

ಕೋಲಾರದ ಎಪಿಎಂಸಿಗೆ ಟೊಮೆಟೊ ತಂದವರಿಗೆ ಗೊತ್ತು. ಕ್ರೇಟ್‌ಗಳನ್ನು ಸಾಲಾಗಿ ಜೋಡಿಸಿ, ಹರಾಜು ಕೂಗುವವನು ತಮ್ಮ ರಾಶಿಯ ಹತ್ತಿರ ಬರುವವರೆಗೆ ಕಾಯಬೇಕು. ಅವನು ಬಂದು, ಎರಡು ಹಣ್ಣು ಮುಟ್ಟಿ, ದರ ಕೂಗಿ, ಮುಂದಿನ ರಾಶಿಗೆ ಹೋಗುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಮೂರು ತಿಂಗಳ ಗೊಬ್ಬರ, ಔಷಧಿ, ಕೂಲಿ, ಕೊಳವೆಬಾವಿ ಎಲ್ಲದರ ತೀರ್ಪು ಅಷ್ಟರಲ್ಲಿ ಮುಗಿದಿರುತ್ತದೆ. 2023ರ ಜುಲೈನಲ್ಲಿ ಇದೇ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸ್ 2,000 ರೂಪಾಯಿ ದಾಟಿತ್ತು. ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದ ವರ್ಷಗಳೂ ಇವೆ. ಇಂಥ ಜೂಜಿನಲ್ಲಿ ಬದುಕುವವರಿಗೆ ‘ಶಾಂತವಾಗಿರಿ’ ಎಂದು ಉಪದೇಶ ಮಾಡುವುದು ಸುಲಭ, ಅಸಭ್ಯ ಕೂಡ.

ಉಸಿರಾಟ ಮಾಡಬಲ್ಲದ್ದು ಇಷ್ಟು: ದರ ಕೇಳಿ ತಲೆ ಬಿಸಿಯಾದ ಮೊದಲ ಹತ್ತು ನಿಮಿಷದಲ್ಲಿ ಇನ್ನೊಂದು ಅನಾಹುತ ಆಗದಂತೆ ತಡೆಯಬಹುದು. ಆ ಹತ್ತು ನಿಮಿಷದಲ್ಲೇ ಮಂಡಿಯವನ ಜೊತೆ ಜಗಳ, ಹೆಚ್ಚು ಬಡ್ಡಿಯ ಕೈಸಾಲಕ್ಕೆ ಸಹಿ, ಮನೆಗೆ ಫೋನ್ ಮಾಡಿ ಹೆಂಡತಿಯ ಮೇಲೆ ರೇಗಾಟ, ಹೆದ್ದಾರಿಯಲ್ಲಿ ಅಡ್ಡಾದಿಡ್ಡಿ ಬೈಕ್. ಗಾಡಿಯ ನೆರಳಿನಲ್ಲಿ ಕುಳಿತು ಉಸಿರು ಉದ್ದವಾಗಿ ಬಿಡುತ್ತ ಹತ್ತು ನಿಮಿಷ ಕಳೆಯಿರಿ. ಆಮೇಲೆ ಲೆಕ್ಕದ ಪುಸ್ತಕ ತೆಗೆಯಿರಿ. ಸಾಲದ ಮಾತನ್ನು ಬ್ಯಾಂಕಿನಲ್ಲಿ, ಸೊಸೈಟಿಯಲ್ಲಿ, ರೈತ ಸಂಪರ್ಕ ಕೇಂದ್ರದಲ್ಲಿ ಆಡಬೇಕು, ಚಾಪೆಯ ಮೇಲಲ್ಲ.

ಬದುಕೇ ಬೇಡ ಎನ್ನುವ ಯೋಚನೆ ಸುಳಿದಿದ್ದರೆ ಉಸಿರು ಎಣಿಸುತ್ತ ಒಬ್ಬರೇ ಕೂರಬೇಡಿ. ಯಾರನ್ನಾದರೂ ಹತ್ತಿರ ಕರೆದುಕೊಳ್ಳಿ, ಮಾನಸಿಕ ನೆರವಿನ ಸಹಾಯವಾಣಿ 14416ಕ್ಕೆ ಕರೆ ಮಾಡಿ. ತೋಟಕ್ಕೆ ಹೊಡೆಯುವ ಔಷಧಿಯನ್ನು ಮನೆಯಿಂದ ಹೊರಗೆ, ಬೀಗದೊಳಗೆ ಇಟ್ಟು, ಕೀಲಿಯನ್ನು ಬೇರೆಯವರಿಗೆ ಕೊಡಿ.

ಬಂಗಾರಪೇಟೆ ರೈಲಿನಲ್ಲಿ ನಿಂತೇ ಬೆಂಗಳೂರಿಗೆ ಹೋಗಿಬರುತ್ತೇನೆ. ಅಲ್ಲಿ ಮಾಡಬಹುದೇ?

ಖಂಡಿತ. ಕಣ್ಣು ಮುಚ್ಚಬೇಡಿ, ಕಂಬಿ ಬಿಡಬೇಡಿ, ಬಾಗಿಲಲ್ಲಿ ನಿಂತು ಮಾಡಬೇಡಿ. ಮಾರಿಕುಪ್ಪಂನಿಂದ ಬರುವ ಗಾಡಿ ವೈಟ್‌ಫೀಲ್ಡ್ ಹತ್ತಿರವಾಗುತ್ತಿದ್ದಂತೆ ಕಾಲಿಡಲು ಜಾಗವಿರುವುದಿಲ್ಲ. ಹೊಟ್ಟೆ ಉಬ್ಬಿಸುವುದೂ ಕಷ್ಟವೇ. ಆಗ ಬಿಡುವುದರ ಮೇಲೆ ಮಾತ್ರ ಗಮನವಿರಲಿ. ದ್ವಿಚಕ್ರ ವಾಹನ ಓಡಿಸುವಾಗ ಈ ಯಾವುದೂ ಬೇಡ.

ನಮ್ಮ ತಂದೆ ಕೆಜಿಎಫ್ ಗಣಿಯಲ್ಲಿದ್ದವರು, ಸದಾ ಉಬ್ಬಸ. ಅವರಿಗೂ ಇದನ್ನು ಕಲಿಸಬಹುದೇ?

ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು, ಅದರ ದೂಳು ಮಾತ್ರ ದುಡಿದವರ ಎದೆಯಲ್ಲಿ ಉಳಿದಿದೆ. ಭಾರತದಲ್ಲಿ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಮೊದಲು ವರದಿಯಾದದ್ದೇ ಕೋಲಾರದ ಗಣಿಗಳಿಂದ. ಬಂಡೆ ಕೊರೆಯುವಾಗ ಏಳುವ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಗಾಯದ ಕಲೆಗಳಂಥ ಗಂಟುಗಳನ್ನು ಉಂಟುಮಾಡುತ್ತದೆ. ಆ ಕಲೆ ಯಾವ ಅಭ್ಯಾಸದಿಂದಲೂ ಹೋಗುವುದಿಲ್ಲ. ಹೋಗುತ್ತದೆ ಎನ್ನುವವರಿಗೆ ಹಣ ಕೊಡಬೇಡಿ.

ಆದರೂ ಕಲಿಸಬಹುದಾದ ಒಂದಿದೆ: ತುಟಿ ಸಣ್ಣದು ಮಾಡಿ ನಿಧಾನವಾಗಿ ಉಸಿರು ಬಿಡುವುದು. ಎಳೆದುಕೊಂಡದ್ದರ ಎರಡು ಪಟ್ಟು ಹೊತ್ತು ಬಿಟ್ಟರೆ ಸಣ್ಣ ಶ್ವಾಸನಾಳಗಳು ಬೇಗ ಮುಚ್ಚಿಕೊಳ್ಳದೆ, ಒಳಗೆ ಸಿಕ್ಕಿಬಿದ್ದ ಗಾಳಿ ಹೊರಬರುತ್ತದೆ. ಉಬ್ಬಸದ ರೋಗಿಗಳಿಗೆ ಆಸ್ಪತ್ರೆಗಳಲ್ಲೂ ಇದನ್ನೇ ಹೇಳಿಕೊಡುತ್ತಾರೆ. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲಿಟ್ಟು ಮಾಡಿದರೆ ಇನ್ನೂ ಆರಾಮ. ಉಸಿರು ಹಿಡಿಯುವ ಯಾವ ಕ್ರಮವೂ ಬೇಡ. ಇನ್‌ಹೇಲರ್ ನಿಲ್ಲಿಸಕೂಡದು. ಕಫದಲ್ಲಿ ರಕ್ತ, ಸಂಜೆಯ ಜ್ವರ, ತೂಕ ಇಳಿತ ಕಂಡರೆ ತಡಮಾಡದೆ ಕ್ಷಯದ ಪರೀಕ್ಷೆ ಮಾಡಿಸಿ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಬೇಗ ಅಂಟುತ್ತದೆ. ಕಲ್ಲು ಕ್ವಾರಿ, ಕ್ರಷರ್‌ಗಳಲ್ಲಿ ಕೆಲಸ ಮಾಡುವ ಈಗಿನ ಹುಡುಗರಿಗೂ ಈ ಮಾತು ಅನ್ವಯಿಸುತ್ತದೆ.

ಉಸಿರಿನ ಕಡೆ ಗಮನ ಕೊಟ್ಟರೆ ನನಗೆ ಗಾಬರಿ ಇನ್ನೂ ಹೆಚ್ಚಾಗುತ್ತದೆ. ನನ್ನಲ್ಲೇ ದೋಷವಿದೆಯೇ?

ಇಲ್ಲ, ಹೀಗಾಗುವವರು ಬಹಳ ಜನ. ಒಮ್ಮೆ ಉಸಿರು ಕಟ್ಟಿ ಹೆದರಿದವರಿಗೆ, ಕೋವಿಡ್‌ನಲ್ಲಿ ಆಮ್ಲಜನಕದ ಹಾಸಿಗೆಯಲ್ಲಿ ಮಲಗಿ ಬಂದವರಿಗೆ, ಹಳೆಯ ಆಘಾತ ಇದ್ದವರಿಗೆ ಉಸಿರೇ ಅಪಾಯದ ಗಂಟೆಯಂತೆ ಕೇಳಿಸುತ್ತದೆ. ಒತ್ತಾಯ ಮಾಡಿಕೊಳ್ಳಬೇಡಿ. ಕಣ್ಣು ತೆರೆದು, ಪಾದ ನೆಲಕ್ಕೆ ಒತ್ತಿ, ಎದುರಿನ ಗೋಡೆಯ ಮೇಲಿರುವ ವಸ್ತುಗಳ ಹೆಸರು ಹೇಳಿ. ಜೋರಾಗಿ ಹಾಡಿ. ಬಿರುಸಾಗಿ ನಡೆಯಿರಿ. ಉಸಿರು ಹಿಂದಿನ ಬಾಗಿಲಿನಿಂದ ತಾನೇ ಸರಿಹೋಗುತ್ತದೆ.

ಜಪ, ಭಜನೆ ಮಾಡುವವರಿಗೂ ಇದೆಲ್ಲ ಬೇಕೇ?

ಬಹುಶಃ ಬೇಡ. 2001ರಲ್ಲಿ ಇಟಲಿಯ ಸಂಶೋಧಕರ ನೇತೃತ್ವದ ಅಧ್ಯಯನವೊಂದು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಲ್ಯಾಟಿನ್‌ನಲ್ಲಿ ಜಪಮಾಲೆಯ ಪ್ರಾರ್ಥನೆ ಹೇಳಿದರೂ, ‘ಓಂ ಮಣಿ ಪದ್ಮೇ ಹುಂ’ ಎಂದರೂ ಜನರ ಉಸಿರು ನಿಮಿಷಕ್ಕೆ ಆರರ ಹತ್ತಿರ ಬಂದು ನಿಲ್ಲುತ್ತಿತ್ತು. ಕೆಜಿಎಫ್‌ನ ಚರ್ಚಿನಲ್ಲಿ ಜಪಮಾಲೆ ಹಿಡಿದ ಅಜ್ಜಿಯೂ, ಮುಳಬಾಗಿಲಿನಲ್ಲಿ ವಿಷ್ಣುಸಹಸ್ರನಾಮ ಹೇಳುವ ಅಜ್ಜನೂ ಪುಕ್ಕಟೆಯಾಗಿ ಈ ಅಭ್ಯಾಸ ಮಾಡುತ್ತಲೇ ಬಂದಿದ್ದಾರೆ. ಗಡಿಬಿಡಿಯಲ್ಲಿ ಒಂದೇ ಉಸಿರಿಗೆ ಮುಗಿಸುವವರ ಲೆಕ್ಕ ಬೇರೆ.

ಎಷ್ಟು ದಿನದಲ್ಲಿ ವ್ಯತ್ಯಾಸ ಕಾಣುತ್ತದೆ?

ಮಾಡಿದ ಕ್ಷಣದ ಹಗುರ ಅಂದೇ ತಿಳಿಯುತ್ತದೆ. ಸ್ವಭಾವದಲ್ಲಿ ಬದಲಾವಣೆಗೆ ವಾರಗಳು ಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೂ ಹೆಚ್ಚು ಜನ ದಿನಕ್ಕೆ ಐದು ನಿಮಿಷದಂತೆ ಒಂದು ತಿಂಗಳು ಅಭ್ಯಾಸ ಮಾಡಿದರು. ಮೂರು ಬಗೆಯ ಉಸಿರಾಟ, ಒಂದು ಬಗೆಯ ಧ್ಯಾನ. ಆತಂಕ ನಾಲ್ಕೂ ಗುಂಪುಗಳಲ್ಲಿ ಇಳಿಯಿತು. ಮನಸ್ಸಿನ ಉಲ್ಲಾಸ ಹೆಚ್ಚು ಏರಿದ್ದು ನಿಟ್ಟುಸಿರಿನ ಗುಂಪಿನಲ್ಲಿ: ಮೂಗಿನಿಂದ ಒಮ್ಮೆ ಎಳೆದುಕೊಂಡು, ಅದರ ಮೇಲೆ ಇನ್ನೊಂದು ಗುಟುಕು ಎಳೆದು, ಬಾಯಿಂದ ಉದ್ದಕ್ಕೆ ಬಿಡುವುದು. ಮನೆಯಲ್ಲಿ ನಿಟ್ಟುಸಿರು ಬಿಡಬೇಡ ಎಂದು ಗದರಿಸುವ ಹಿರಿಯರು ಇದನ್ನು ಓದಿದರೆ ಒಳ್ಳೆಯದು. ಒಟ್ಟಾರೆ ಅಧ್ಯಯನಗಳು ತೋರಿಸುವ ಲಾಭ ಸಾಧಾರಣ ಪ್ರಮಾಣದ್ದು, ಪವಾಡವಲ್ಲ.

ಪರೀಕ್ಷೆಗೆ ಹೋಗುವ ಮಕ್ಕಳಿಗೆ?

ಪ್ರಶ್ನೆಪತ್ರಿಕೆ ಕೈಗೆ ಬಂದ ಮೇಲೆ ಮೂರು ಉದ್ದ ಉಸಿರು ಬಿಟ್ಟು ಓದಲು ಶುರುಮಾಡಲಿ. ಆದರೆ ಒಂದು ವಾರ ಮೊದಲೇ ಮನೆಯಲ್ಲಿ ರೂಢಿಯಾಗಿರಬೇಕು. ಅಂದೇ ಕಲಿಸಿದರೆ ಅದೂ ಇನ್ನೊಂದು ಪರೀಕ್ಷೆಯಾಗುತ್ತದೆ. ಅಂದಹಾಗೆ, ಅಂಕದ ವಿಷಯಕ್ಕೆ ಗೊಣಗುವುದನ್ನು ಹೆತ್ತವರು ನಿಲ್ಲಿಸಿದರೆ ಅರ್ಧ ಅಭ್ಯಾಸ ಮುಗಿದಂತೆ.

ರಾತ್ರಿ ನಿದ್ದೆ ಬರುವುದಿಲ್ಲ, ಆಗ ಮಾಡಬಹುದೇ?

ಮಾಡಿ. ಇಪ್ಪತ್ತು ನಿಮಿಷದಲ್ಲೂ ನಿದ್ದೆ ಹತ್ತದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕುಳಿತುಕೊಳ್ಳಿ, ಮೊಬೈಲ್ ಮುಟ್ಟಬೇಡಿ. ಜೋರಾದ ಗೊರಕೆ, ಮಧ್ಯೆ ಉಸಿರು ನಿಂತಂತಾಗುವುದು, ಹಗಲೆಲ್ಲ ತೂಕಡಿಕೆ ಇದ್ದರೆ ಅದು ಬೇರೆ ಕಾಯಿಲೆ, ವೈದ್ಯರಿಗೆ ತೋರಿಸಬೇಕು.

ದುಡ್ಡು ಕೊಟ್ಟು ಶಿಬಿರಕ್ಕೆ ಹೋಗಲೇಬೇಕೇ?

ಬೇಡ. ಗುಂಪಿನಲ್ಲಿ ಮಾಡುವುದು ಇಷ್ಟವಾದರೆ ಹೋಗಿ. ಗಂಟೆಗಟ್ಟಲೆ ರಭಸವಾಗಿ ಉಸಿರಾಡಿಸಿ, ಜನ ಅತ್ತು ನಡುಗಿದರೆ ಅದನ್ನೇ ಬಿಡುಗಡೆ ಎನ್ನುವ ಕಡೆ ಹೋಗುವ ಮುನ್ನ ಮೇಲಿನ ಜೋಮಿನ ಉತ್ತರವನ್ನು ಇನ್ನೊಮ್ಮೆ ಓದಿ.

ಅಭ್ಯಾಸ ಚೆನ್ನಾಗಿ ನಡೆಯುತ್ತಿದೆ. ಮನೋವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಬಹುದೇ?

ನೀವಾಗಿ ನಿಲ್ಲಿಸಬೇಡಿ. ಹಠಾತ್ತನೆ ಬಿಟ್ಟರೆ ಕೆಲವು ಮಾತ್ರೆಗಳು ತಲೆಸುತ್ತು, ನಿದ್ರಾಭಂಗ, ಮೊದಲಿಗಿಂತ ಹೆಚ್ಚಿನ ಆತಂಕ ತರುತ್ತವೆ. ಕಡಿಮೆ ಮಾಡುವುದಾದರೆ ಬರೆದುಕೊಟ್ಟವರೇ ಹಂತಹಂತವಾಗಿ ಮಾಡಬೇಕು. ಎರಡು ವಾರಕ್ಕೂ ಮೇಲ್ಪಟ್ಟು ಯಾವುದರಲ್ಲೂ ಆಸಕ್ತಿಯಿಲ್ಲದೆ, ಊಟ ನಿದ್ದೆ ಕೆಟ್ಟು, ಕೆಲಸಕ್ಕೆ ಹೋಗಲಾಗದಂತಿದ್ದರೆ ಉಸಿರಾಟವನ್ನೇ ನೆಚ್ಚಿಕೊಂಡು ಕೂರದೆ ವೈದ್ಯರನ್ನು ಕಾಣಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಸರ್ಕಾರಿ ಸೇವೆ ಇದೆ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿ ಮಾತನಾಡುತ್ತಾರೆಯೇ?

ಮಾತನಾಡುತ್ತಾರೆ. ಅದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಉಚಿತ. ಕರೆ ಹೋದ ಮೇಲೆ ಭಾಷೆ ಆರಿಸಿಕೊಳ್ಳಬೇಕು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಗಣಿಯೂರಿನಲ್ಲಿ ತಮಿಳು ಮಾತನಾಡುವ ನಮ್ಮ ಜಿಲ್ಲೆಯವರಿಗೆ ಅಲ್ಲಿ ಮೂರೂ ಸಿಗುತ್ತವೆ. ಅಳು ಬರುವಾಗ ಯಾವ ಭಾಷೆ ಬಾಯಿಗೆ ಬರುತ್ತದೆಯೋ ಅದನ್ನೇ ಆರಿಸಿಕೊಳ್ಳಿ.